ಬೋಧಕಿಯಾದ ದಾದಿ

ನನ್ನ ಅಕ್ಕ ದಾದಿ. ಹನ್ನೊಂದು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದು, ನಡುವೆ ಮೇಲಣ ಪರೀಕ್ಷೆಗಳನ್ನೂ ಮುಗಿಸಿ, ಕಳೆದ ವರ್ಷ ನರ್ಸಿಂಗ್ ಶಾಲೆಯೊಂದರಲ್ಲಿ ಬೋಧಕಿಯಾದಳು. "ಸದ್ಯ, ರಾತ್ರಿ ಪಾಳಿ ತಪ್ಪಿತು" ಎಂದು ಬಂಧುಗಳೆಲ್ಲ ಸಂತೋಷಪಟ್ಟರು. ನಾನೂ ಪಟ್ಟೆ. ಆದರೆ ಆರು ತಿಂಗಳು ಕಳೆದ ಮೇಲೆ ಒಂದು ರಾತ್ರಿ ಊಟಕ್ಕೆ ಕುಳಿತಾಗ ಅಕ್ಕ ಹೇಳಿದಳು: "ನಾಡಿ ನೋಡುವುದನ್ನು ಬೋರ್ಡಿನ ಮೇಲೆ ಬರೆದು ಬರೆದು, ನನ್ನ ಕೈಗೇ ಅದು ಮರೆತುಹೋಗುತ್ತದೆಯೋ ಏನೋ ಕಣೋ." ಅಲ್ಲಿ ಬೋಧಕಿಯರಿಗೆ ವಾರ್ಡಿನ ಹೊಣೆಯಿಲ್ಲ, ವಾರ್ಡಿನವರಿಗೆ ಪಾಠದ ಹೊಣೆಯಿಲ್ಲ.

ಆ ಮಾತು ಮನಸ್ಸಿನಲ್ಲಿ ಉಳಿದುದರಿಂದಲೇ ನಾನು ಲೊರೆಟಾ ಫೋರ್ಡ್ ಅವರ ಜೀವನವನ್ನು ಓದತೊಡಗಿದೆ. 1920ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈಕೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯಲ್ಲಿ ದಾದಿಯಾಗಿದ್ದು, ಅನಂತರ ಕೊಲರಾಡೋ ಸಂಸ್ಥಾನದಲ್ಲಿ ಸಾರ್ವಜನಿಕ ಆರೋಗ್ಯದ ಕೆಲಸಕ್ಕೆ ನಿಂತರು. ಅಲ್ಲಿಯ ಹಳ್ಳಿಗಾಡಿನಲ್ಲಿ ವೈದ್ಯರು ವಿರಳ. ಮಕ್ಕಳನ್ನು ಪರೀಕ್ಷಿಸುವವಳೂ ತಾಯಂದಿರಿಗೆ ತಿಳಿಯಹೇಳುವವಳೂ ದಾದಿಯೇ. ಆದರೆ ಆ ಕೆಲಸಕ್ಕೆ ಹೆಸರಿರಲಿಲ್ಲ, ತಕ್ಕ ತರಬೇತಿಯೂ ಇರಲಿಲ್ಲ. 1965ರಲ್ಲಿ ಫೋರ್ಡ್ ಅವರು ಮಕ್ಕಳ ವೈದ್ಯರಾದ ಹೆನ್ರಿ ಸಿಲ್ವರ್ ಅವರೊಡಗೂಡಿ ಕೊಲರಾಡೋ ವಿಶ್ವವಿದ್ಯಾನಿಲಯದಲ್ಲಿ ಎರಡನ್ನೂ ಒದಗಿಸಿದರು. 'ನರ್ಸ್ ಪ್ರಾಕ್ಟೀಷನರ್' ಎಂಬ ವೃತ್ತಿ ಹುಟ್ಟಿದ್ದು ಹೀಗೆ. ಮಗುವನ್ನು ತಾನೇ ಪರೀಕ್ಷಿಸಿ, ಸಣ್ಣಪುಟ್ಟ ಕಾಯಿಲೆಯನ್ನು ನೋಡಿಕೊಂಡು, ತನ್ನ ಕೈಮೀರಿದ್ದನ್ನು ಗುರುತಿಸಿ ವೈದ್ಯರಲ್ಲಿಗೆ ಕಳುಹಿಸುವ ದಾದಿ ಈಕೆ. ಕೆಲವು ವೈದ್ಯರು ಮುನಿದರು, ಅದು ಸಹಜವೇ. ಸೋಜಿಗವೆಂದರೆ, ಹೆಚ್ಚು ಮುನಿದವರಲ್ಲಿ ನರ್ಸಿಂಗ್ ಬೋಧಕಿಯರೂ ಇದ್ದರು!

1972ರಲ್ಲಿ ಫೋರ್ಡ್ ರಾಚೆಸ್ಟರ್ ವಿಶ್ವವಿದ್ಯಾನಿಲಯದ ನರ್ಸಿಂಗ್ ಶಾಲೆಯ ಮೊದಲ ಡೀನ್ ಆದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರು ಅಲ್ಲಿ ಮಾಡಿದ ಏರ್ಪಾಡು. ಪಾಠ, ಶುಶ್ರೂಷೆ, ಸಂಶೋಧನೆ ಈ ಮೂರನ್ನೂ ಅವರು ಒಂದುಗೂಡಿಸಿದರು. ಕಲಿಸುವವರು ರೋಗಿಯ ಹಾಸಿಗೆಯಿಂದ ದೂರ ಸರಿಯಕೂಡದೆಂದರು. 2025ರ ಜನವರಿಯಲ್ಲಿ, 104ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹಳಗನ್ನಡ ಕಲಿಸುವವರು ಮನೆಯಲ್ಲಿಯೂ ಹಳಗನ್ನಡವನ್ನೇ ಆಡಬೇಕೇನಯ್ಯಾ ಎಂದು ನಮ್ಮ ಕನ್ನಡ ಅಧ್ಯಾಪಕರು ನಗಬಹುದು. ಬೇಡ, ಸ್ವಾಮಿ. ಆದರೆ ಷಟ್ಪದಿಯಲ್ಲಿ ಒಂದು ಮಾತ್ರೆ ತಪ್ಪಿದರೆ ಯಾರ ಪ್ರಾಣವೂ ಹೋಗುವುದಿಲ್ಲ. ಔಷಧದಲ್ಲಿ ಒಂದು ಮಾತ್ರೆ ತಪ್ಪಿದರೆ ಹೋದೀತು. ಎರಡು ಕೆಲಸ ಹೊತ್ತವರು ಬಳಲುತ್ತಾರೆಂಬ ಆಕ್ಷೇಪಣೆ ಮಾತ್ರ ನಿಜ. ಹಾಗಾದರೆ ವಾರಕ್ಕೆ ನಾಲ್ಕು ಪಾಠ ಕಡಮೆ ಮಾಡಲಿ; ವಾರ್ಡನ್ನೇ ಬಿಡಿಸುವುದು ಯಾವ ನ್ಯಾಯ?

ಇದು ದೂರದೇಶದ ಮಾತಾಗಿ ಉಳಿದಿಲ್ಲ. ಸೂಲಗಿತ್ತಿಯ ವಿದ್ಯೆಯಲ್ಲಿ ಇಂತಹ ದಾದಿಯರನ್ನು ಹದಿನೆಂಟು ತಿಂಗಳ ತರಬೇತಿಯಿಂದ ಸಿದ್ಧಗೊಳಿಸಬೇಕೆಂದು ಭಾರತ ಸರ್ಕಾರವು 2018ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅವರಿಗೆ ಕಲಿಸುವವರಾರು? ಹೆರಿಗೆ ಮಾಡಿಸಿ ವರ್ಷಗಟ್ಟಲೆಯಾದವರೇ?

ವಾರಕ್ಕೊಂದು ಬೆಳಗ್ಗೆ ವಾರ್ಡಿನಲ್ಲಿ ಕೆಲಸ ಮಾಡಲು ಅಪ್ಪಣೆ ಬೇಡಿ ಅಕ್ಕ ಅರ್ಜಿ ಕೊಟ್ಟಿದ್ದಾಳೆ. ಅದರ ಕರಡನ್ನು ತಿದ್ದಿದವನು ನಾನೇ. ಉತ್ತರ ಇನ್ನೂ ಬಂದಿಲ್ಲ.