ಮರೆವಿಲ್ಲದ ಅಲ್ಝೈಮರ್

ಪುಣೆ–ಲೋಣಾವಳ ಲೋಕಲ್ ರೈಲಿನ ದಾರಿಯಲ್ಲಿ ಬರುವ ದೇಹೂ ರೋಡ್ ಒಂದು ದಂಡು ಪ್ರದೇಶ. ತುಕಾರಾಮರ ದೇಹೂ ಇಲ್ಲಿಂದ ಕೆಲವೇ ಕಿಲೋಮೀಟರ್. ಅಂಬೇಡ್ಕರರು 1954ರ ಡಿಸೆಂಬರ್ 25ರಂದು ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದ ವಿಹಾರ ಇರುವುದೂ ಇಲ್ಲೇ. ಸೇನೆಯ ಡಿಪೋ, ಆರ್ಡನೆನ್ಸ್ ಫ್ಯಾಕ್ಟರಿಗಳ ಕೆಲಸ ಹಿಡಿದು ಹಲವು ಸೀಮೆಯ ಜನ ಬಂದು ನೆಲೆಸಿದ ಊರು ಇದು. ಮನೆಯಲ್ಲಿ ಕನ್ನಡ, ಗೇಟಿನೊಳಗೆ ಹಿಂದಿ, ಸಂತೆಯಲ್ಲಿ ಮರಾಠಿ ಎಂಬ ಬದುಕು ಇಂಥಲ್ಲಿ ವಿಶೇಷವೇನಲ್ಲ.

ಈ ಊರಿನಲ್ಲಿ ಒಬ್ಬ ಸ್ಟೋರ್‌ಕೀಪರ್ ಇದ್ದಾರೆಂದು ಊಹಿಸಿಕೊಳ್ಳಿ. ವಿಜಯಪುರದ ಕಡೆಯವರು, ವಯಸ್ಸು ಐವತ್ತಾರು, ನಿವೃತ್ತಿಗೆ ಇನ್ನೂ ನಾಲ್ಕು ವರ್ಷ. ಎದುರಿಗಿಟ್ಟ ಚಹಾದ ಕಪ್ಪು ಅವರ ಕೈಗೆ ಸಿಗುವುದಿಲ್ಲ. ಮೆಟ್ಟಿಲಿನ ಅಂಚು ಎಲ್ಲಿ ಮುಗಿಯುತ್ತದೆಂದು ತಿಳಿಯುವುದಿಲ್ಲ. ಲೆಡ್ಜರಿನಲ್ಲಿ ಒಂದು ಸಾಲಿನ ಅಂಕಿ ಮತ್ತೊಂದು ಸಾಲಿಗೆ ಬೀಳುತ್ತದೆ. ಕಣ್ಣಿನ ಡಾಕ್ಟರು ಎರಡು ಸಲ ಕನ್ನಡಕ ಬದಲಾಯಿಸಿ, ಪೊರೆಯ ಆಪರೇಷನ್ ಮಾಡಿಯೂ ಆಯಿತು. “ಎಲ್ಲಾ ನೆನಪೈತ್ರಿ ಅವ್ರಿಗೆ, ಕಣ್ಣಾಗ ಏನೋ ಆಗೇತಿ” ಎಂದು ಹೆಂಡತಿ ಪಕ್ಕದ ಮನೆಯವರಿಗೆ ಹೇಳುತ್ತಾರೆ. ಕೊನೆಗೆ ಎಂಆರ್‌ಐ ಆಗುತ್ತದೆ. ‘ವಯಸ್ಸಿಗೆ ತಕ್ಕ ಬದಲಾವಣೆಗಳು’ ಎಂಬ ವರದಿ ಬರುತ್ತದೆ. ನೆನಪಿನ ಪರೀಕ್ಷೆಯಲ್ಲಿ ಪಾಸು. ‘ಟೆನ್ಶನ್ ಬಿಡಿ’ ಎಂಬ ಸಲಹೆ. ಅಷ್ಟರಲ್ಲಿ ಕಚೇರಿಯಿಂದ ಶೋಕಾಸ್ ನೋಟಿಸು.

ಈ ಸ್ಟೋರ್‌ಕೀಪರ್ ಕಲ್ಪಿತ ವ್ಯಕ್ತಿ. ಅವರು ಸುತ್ತಿದ ದಾರಿ ಕಲ್ಪಿತವಲ್ಲ. ಈ ಸ್ಥಿತಿಗೆ ಅಮೆರಿಕದ ನರವೈದ್ಯ ಫ್ರಾಂಕ್ ಬೆನ್ಸನ್ 1988ರಲ್ಲೇ ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೋಫಿ ಎಂದು ಹೆಸರಿಟ್ಟರು: ಮೆದುಳಿನ ಹಿಂಭಾಗದ ಸವಕಳಿ. ಕಣ್ಣು ಸರಿಯಿರುತ್ತದೆ, ಕಂಡದ್ದನ್ನು ಜೋಡಿಸಿಕೊಳ್ಳುವ ಮೆದುಳು ಸೋಲುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಇದರ ಮೂಲ ಅಲ್ಝೈಮರ್ ರೋಗವೇ. ಕಾದಂಬರಿಕಾರ ಟೆರ್ರಿ ಪ್ರಾಚೆಟ್ 2007ರಲ್ಲಿ ತಮಗಿದೆಯೆಂದು ಪ್ರಕಟಿಸಿದ್ದು ಇದನ್ನೇ. ಇದೇ ರೋಗದ ಇನ್ನೊಂದು ರೂಪದಲ್ಲಿ ಮಾತಿನ ನಡುವೆ ಪದ ಸಿಗದಾಗುತ್ತದೆ, ಉದ್ದದ ವಾಕ್ಯವನ್ನು ಕೇಳಿ ಮರಳಿ ಹೇಳಲಾಗುವುದಿಲ್ಲ. ಮತ್ತೊಂದರಲ್ಲಿ ನಡವಳಿಕೆಯೇ ಬದಲಾಗುತ್ತದೆ. ಇವು ಐವತ್ತು ಅರವತ್ತರ ನಡುವೆಯೇ ಶುರುವಾಗುವುದು ಸಾಮಾನ್ಯ. ‘ಇಷ್ಟು ಸಣ್ಣ ವಯಸ್ಸಿಗೆ ಅಲ್ಝೈಮರ್ ಎಲ್ಲಿಂದ’ ಎನ್ನುವವರು ಒಂದು ಸಂಗತಿ ನೆನಪಿಡಬೇಕು. ಅಲೋಯಿಸ್ ಅಲ್ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಕಂಡ ಮೊದಲ ರೋಗಿಯ ವಯಸ್ಸು 51.

ಅಲ್ಝೈಮರ್ ಎಂದರೆ ಮರೆವು ಎಂಬ ನಂಬಿಕೆಯನ್ನು ಮೆದುಳಿನ ಚಿತ್ರಣವೇ ಒಡೆದುಹಾಕಿದೆ. ಅಮಿಲಾಯ್ಡ್ ಎಂಬ ಪ್ರೋಟೀನಿನ ಗಂಟುಗಳನ್ನು ಬದುಕಿರುವವರ ಮೆದುಳಿನಲ್ಲೇ ಪೆಟ್ ಸ್ಕ್ಯಾನ್‌ನಿಂದ ನೋಡುವುದು 2002ರಲ್ಲಿ ಸಾಧ್ಯವಾಯಿತು. ಆದರೆ ರೋಗಿಗೆ ಮರೆವಿರಲಿ, ದೃಷ್ಟಿಯ ತೊಂದರೆಯಿರಲಿ, ಅಮಿಲಾಯ್ಡ್ ಹೆಚ್ಚುಕಡಿಮೆ ಒಂದೇ ರೀತಿ ಹರಡಿಕೊಂಡಿತ್ತು. ಭೇದ ಕಂಡದ್ದು ಟಾವ್ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿಯುವ ಸ್ಕ್ಯಾನ್ ಬಂದ ಮೇಲೆ. ರಿಕ್ ಒಸೆನ್‌ಕೊಪ್ಪೆಲೆ ಮತ್ತು ಸಂಗಡಿಗರು 2016ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ದೃಷ್ಟಿ ಕೆಟ್ಟವರಲ್ಲಿ ಟಾವ್ ಮೆದುಳಿನ ಹಿಂಭಾಗದಲ್ಲಿ, ಮಾತು ಕೆಟ್ಟವರಲ್ಲಿ ಎಡಭಾಗದಲ್ಲಿ ಹೆಚ್ಚಿತ್ತು. ರೋಗ ಒಂದೇ, ಅದು ಕೂತ ಜಾಗದಂತೆ ಲಕ್ಷಣ ಬೇರೆ.

ಹಾಗಾದರೆ ಎಲ್ಲರಿಗೂ ಟಾವ್ ಸ್ಕ್ಯಾನ್ ಮಾಡಿಸಬೇಕೇ? ಖಂಡಿತ ಬೇಡ. ಇಂಥ ಸ್ಕ್ಯಾನಿಗೆ ಬೇಕಾದ ವಿಕಿರಣಶೀಲ ಫ್ಲೋರಿನ್ ಎರಡು ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ. ಅದನ್ನು ತಯಾರಿಸಿ, ಸಾಗಿಸಿ, ಹೊತ್ತಿಗೆ ಸರಿಯಾಗಿ ಚುಚ್ಚಬೇಕು. ಕ್ಯಾಂಟೋನ್ಮೆಂಟಿನ ನೌಕರನಿಗೆ ಅದೇ ಪರಿಹಾರವೆಂದು ಹೇಳುವುದು ಬಡವರ ನೋವಿನ ಮೇಲೆ ಯಂತ್ರ ಮಾರುವ ಕೆಲಸ. ಸಿಟ್ಟು ಬರಬೇಕಾದದ್ದು ಬೇರೆ ಕಾರಣಕ್ಕೆ: ಈಗಾಗಲೇ ತೆಗೆದ ಚಿತ್ರವನ್ನೇ ಯಾರೂ ಸರಿಯಾಗಿ ನೋಡುವುದಿಲ್ಲ.

ಮೆದುಳಿನ ಹಿಂಭಾಗದ ಸವಕಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವ ಕೂಡಮ್ ಮಾಪನ 2011ರಿಂದಲೂ ಇದೆ. ಅದಕ್ಕೆ ಹೊಸ ಯಂತ್ರ ಬೇಡ, ಹೆಚ್ಚಿನ ದುಡ್ಡು ಬೇಡ. ಅದೇ ಎಂಆರ್‌ಐಯನ್ನು ಮತ್ತೊಂದು ಕೋನದಿಂದ ನೋಡಿದರೆ ಸಾಕು. ಇನ್ನೂ ಅನುಮಾನ ಉಳಿದರೆ ಕ್ಯಾನ್ಸರ್ ರೋಗಿಗಳಿಗೆ ದಿನವೂ ಕೊಡುವ ಎಫ್‌ಡಿಜಿ ಎಂಬ ಗ್ಲೂಕೋಸಿನಿಂದಲೇ ಮೆದುಳಿನ ಯಾವ ಭಾಗ ಮಂಕಾಗಿದೆಯೆಂದು ಕಾಣುತ್ತದೆ. ಆದರೆ ಸ್ಕ್ಯಾನಿಗೆ ಬರೆದುಕೊಡುವ ಚೀಟಿಯಲ್ಲಿ ‘ತಲೆನೋವು, ಮರೆವು?’ ಎಂದಷ್ಟೇ ಇದ್ದರೆ ರೇಡಿಯಾಲಜಿಸ್ಟ್ ಹಿಪೊಕ್ಯಾಂಪಸ್ ನೋಡಿ ಮುಗಿಸುತ್ತಾರೆ. ಯಂತ್ರ ತಾನಾಗಿ ಏನನ್ನೂ ಹೇಳದು, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ.

ಕೇಳುವ ಪ್ರಶ್ನೆಯಲ್ಲೇ ದೋಷವಿದೆ. 1975ರಿಂದ ಜಗತ್ತೆಲ್ಲ ಬಳಸುವ ಎಂಎಂಎಸ್‌ಇ ಪರೀಕ್ಷೆಯ 30 ಅಂಕಗಳಲ್ಲಿ ಚಿತ್ರ ನೋಡಿ ಬರೆಯುವುದಕ್ಕೆ ಇರುವುದು ಒಂದೇ ಅಂಕ. ಅದರಲ್ಲಿ ‘ವರ್ಲ್ಡ್’ ಪದದ ಐದು ಅಕ್ಷರಗಳನ್ನು ಹಿಂದಿನಿಂದ ಹೇಳಿದರೆ ಐದು ಅಂಕ. ಕನ್ನಡದ ‘ಪ್ರಪಂಚ’ಕ್ಕೆ ಅಕ್ಷರಗಳೇ ಮೂರು. ಇಂಗ್ಲಿಷಿನ ಎಂಟು ಪದಗಳ ವಾಕ್ಯ ಪ್ರತ್ಯಯಗಳು ಸೇರಿ ಕನ್ನಡದಲ್ಲಿ ನಾಲ್ಕಾಗಬಹುದು, ಆಗ ‘ಕೇಳಿ ಮರಳಿ ಹೇಳಿ’ ಎಂಬ ಪರೀಕ್ಷೆಯ ಭಾರವೇ ಬದಲಾಗುತ್ತದೆ. ಬರೀ ಅನುವಾದದಿಂದ ಪರೀಕ್ಷೆ ಹುಟ್ಟುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನರಿತು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಎಂಬ ಐದು ಭಾಷೆಗಳಲ್ಲಿ ಹೊಸ ಪರೀಕ್ಷೆಗಳನ್ನು ರೂಪಿಸಿತು. ಒಳ್ಳೆಯ ಕೆಲಸ. ಆದರೆ ಆ ಐದರಲ್ಲಿ ಮರಾಠಿ ಇಲ್ಲ. ಕನ್ನಡದ ಪರೀಕ್ಷೆ ಬೆಂಗಳೂರಿನಲ್ಲಿದ್ದರೆ ದೇಹೂ ರೋಡಿನ ಕನ್ನಡಿಗನಿಗೆ ಬಂದ ಭಾಗ್ಯವೇನು? ಅವನು ಹಿಂದಿಯಲ್ಲೋ ಮರಾಠಿಯಲ್ಲೋ ಪದಕ್ಕೆ ತಡಕಾಡಿದರೆ ‘ಅವನ ಭಾಷೆಯಲ್ಲವಲ್ಲ’ ಎಂದು ಬಿಡುವುದು ಸುಲಭ. ಆ ಸುಲಭದಲ್ಲೇ ರೋಗ ತಪ್ಪಿಸಿಕೊಳ್ಳುತ್ತದೆ.

ಬಹುಭಾಷಿಕತೆ ಇಲ್ಲಿ ಬದಿಯ ವಿಷಯವೂ ಅಲ್ಲ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಡಿಮೆನ್ಶಿಯಾ ರೋಗಿಗಳನ್ನು ಅಭ್ಯಸಿಸಿ, ಎರಡು ಭಾಷೆ ಬಲ್ಲವರಲ್ಲಿ ಲಕ್ಷಣಗಳು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡವೆಂದು 2013ರಲ್ಲಿ ವರದಿ ಮಾಡಿದರು. ಈ ನೆಲದಿಂದಲೇ ಇಂಥ ಸಂಶೋಧನೆ ಹೊರಟ ಮೇಲೂ ರೋಗಿ ಯಾವ ಯಾವ ಭಾಷೆ ಆಡುತ್ತಾನೆಂದು ಕೇಸ್ ಪೇಪರಿನಲ್ಲಿ ಬರೆಯದಿರುವುದಕ್ಕೆ ನೆಪವಿಲ್ಲ.

‘ವಾಸಿಯಾಗದ ರೋಗಕ್ಕೆ ಹೆಸರಾದರೂ ಏಕೆ’ ಎಂಬ ವಾದವಿದೆ. ಹೆಸರಿದ್ದರೆ ಬೇಡದ ಕಣ್ಣಿನ ಆಪರೇಷನ್ ತಪ್ಪುತ್ತದೆ. ಮೆಟ್ಟಿಲಿನ ಅಂಚಿಗೆ ಬಣ್ಣದ ಪಟ್ಟಿ ಬೀಳುತ್ತದೆ. ಸ್ಕೂಟರಿನ ಕೀಲಿ ಎತ್ತಿಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ ನೌಕರಿ ಉಳಿಯಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವಿಕಲನಾದ ಸರ್ಕಾರಿ ನೌಕರನನ್ನು ಸಾಮಾನ್ಯವಾಗಿ ತೆಗೆದುಹಾಕುವಂತಿಲ್ಲ. ಅದೇ ಸಂಬಳದ ಬೇರೆ ಹುದ್ದೆಗೆ ಕಳಿಸಬೇಕು. ಆ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಹೆಸರಿದೆ, ಅಲ್ಝೈಮರ್ ಹೆಸರಿಲ್ಲ. ಅದನ್ನು ಸೇರಿಸಲು ಹೋರಾಡಬೇಕು. ಆದರೆ ಹೋರಾಟಕ್ಕಾದರೂ ಮೊದಲು ಡಾಕ್ಟರ ಕಾಗದದಲ್ಲಿ ರೋಗದ ಹೆಸರಿರಬೇಕಲ್ಲ!

ಔಷಧದ ಲೋಕವೂ ಇವರನ್ನು ಹೊರಗಿಟ್ಟಿದೆ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್‌ನ ದೊಡ್ಡ ಪ್ರಯೋಗಕ್ಕೆ ಸೇರಲು ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದಿರಬೇಕಿತ್ತು. ನೆನಪು ಗಟ್ಟಿಯಿದ್ದವನಿಗೆ ಬಾಗಿಲು ಅಲ್ಲೇ ಮುಚ್ಚಿತು.

ಆದ್ದರಿಂದ ಬೇಡಿಕೆ ಸಣ್ಣದು. ಐವತ್ತು ದಾಟಿದವರು ಕನ್ನಡಕ ಬದಲಾಯಿಸಿಯೂ ಕಾಣದೆಂದರೆ, ಬಲ್ಲ ಪದ ಸಿಗದೆಂದರೆ, ಸ್ಕ್ಯಾನಿನ ಚೀಟಿಯಲ್ಲಿ ಅದನ್ನೇ ಬರೆಯಬೇಕು: ‘ಮೆದುಳಿನ ಹಿಂಭಾಗ ನೋಡಿ, ಎಡಭಾಗ ನೋಡಿ.’ ರೋಗಿಯ ಮನೆಮಾತು ಯಾವುದೆಂದು ಪಕ್ಕದಲ್ಲೇ ನಮೂದಿಸಬೇಕು. ಡಾಕ್ಟರು ಬರೆಯದಿದ್ದರೆ ಮನೆಯವರು ಕೇಳಿ ಬರೆಸಬೇಕು. ಫಿಲ್ಮಿನ ಲಕೋಟೆ ಮನೆಗೆ ಬರುವ ಮುಂಚೆಯೇ ಇಷ್ಟು ಆಗಬೇಕು.