ಹೊಸ ವಿಳಾಸಕ್ಕೆ ಇಷ್ಟು ಹೊತ್ತು ಯಾಕೆ?

ಮಸೀದಿಯ ಬೋರ್ಡಿನಲ್ಲಿ ಝುಹರ್ ಜಮಾಅತ್ ಸಮಯ 1.30ರಿಂದ 1.45ಕ್ಕೆ ಬದಲಾಯಿತು ಎಂದುಕೊಳ್ಳಿ. ಬೋರ್ಡ್ ಬದಲಿಸಲು ಒಂದು ನಿಮಿಷ ಸಾಕು. ಆದರೆ ಕಳೆದ ವಾರ ಬೋರ್ಡ್ ನೋಡಿದ ಗೆಳೆಯನನ್ನು ಕೇಳಿದರೆ ಅವನು 1.30 ಎಂದೇ ಹೇಳುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಮತ್ತೆ ನೋಡಿಲ್ಲ, ಅಷ್ಟೆ.

ಡೊಮೇನ್ ಹೆಸರಿನ ಕಥೆಯೂ ಇದೇ. ನಾವು ಟೈಪ್ ಮಾಡುವ ಹೆಸರಿಗೆ ಸರ್ವರ್‌ನ ಐಪಿ ಸಂಖ್ಯೆಯನ್ನು ಹುಡುಕಿಕೊಡುವುದು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದ ಡಿಎನ್‌ಎಸ್ ವ್ಯವಸ್ಥೆ. ನಮ್ಮ ಮೊಬೈಲ್ ಪ್ರತಿ ಸಲ ಮೂಲ ಬೋರ್ಡಿನವರೆಗೆ ಹೋಗುವುದಿಲ್ಲ. ಸಾಮಾನ್ಯವಾಗಿ ಇಂಟರ್ನೆಟ್ ಕಂಪನಿಯ ಸರ್ವರನ್ನು ಕೇಳುತ್ತದೆ. ಆ ಸರ್ವರ್ ಒಮ್ಮೆ ಪಡೆದ ಉತ್ತರವನ್ನು ನೆನಪಿನಲ್ಲಿಡುತ್ತದೆ. ಎಷ್ಟು ಹೊತ್ತು? ಉತ್ತರದ ಜೊತೆಗೇ ಟಿಟಿಎಲ್ ಎಂಬ ಅವಧಿ ಸೆಕೆಂಡುಗಳಲ್ಲಿ ಬರುತ್ತದೆ: 300 ಎಂದರೆ 5 ನಿಮಿಷ, 86400 ಎಂದರೆ ಒಂದು ದಿನ. ಅದು ಮುಗಿದ ಮೇಲೆಯೇ ಮತ್ತೆ ಕೇಳುವುದು. ಹಾಗಾಗಿ ಒಂದೇ ಹೊತ್ತಿನಲ್ಲಿ ಕೆಂಗೇರಿಯ ಗೆಳತಿಗೆ ಹೊಸ ಪುಟ, ರಾಜಾಜಿನಗರದ ಗೆಳತಿಗೆ ಹಳೆಯ ಪುಟ ಕಾಣಬಹುದು.

"ಹರಡಲು 48 ಗಂಟೆ ಬೇಕು" ಎನ್ನುತ್ತಾರೆ. ನನ್ನ ಪ್ರಕಾರ ಇದು ಅರ್ಧ ಸತ್ಯ. ಏನೂ ಹರಡುವುದಿಲ್ಲ, ಹಳೆಯ ಉತ್ತರಗಳ ಅವಧಿ ಮುಗಿಯುತ್ತದೆ. ಆ ಅವಧಿಯನ್ನು ಬಹುಪಾಲು ಹೆಸರಿನ ಒಡೆಯರೇ ನಿಗದಿ ಮಾಡುತ್ತಾರೆ. ಎರಡು ದಿನ ಮೊದಲೇ ಟಿಟಿಎಲ್ ಇಳಿಸಿ, ಹಳೆಯ ಸರ್ವರನ್ನು ಕೆಲವು ದಿನ ಚಾಲೂ ಇಟ್ಟರೆ ಹೆಚ್ಚಿನವರಿಗೆ ಬದಲಾವಣೆ ಗೊತ್ತೇ ಆಗುವುದಿಲ್ಲ.

ಹೆಸರೇ ಬದಲಾದರೆ ಜವಾಬ್ದಾರಿ ಇನ್ನೂ ದೊಡ್ಡದು. ನಮ್ಮ ಪಿಯು ಇಲಾಖೆಯೂ ಸೇರಿದಂತೆ ರಾಜ್ಯ ಸರ್ಕಾರದ ಹಲವು ತಾಣಗಳು 'ಕೆಎಆರ್ ಡಾಟ್ ಎನ್‌ಐಸಿ ಡಾಟ್ ಇನ್' ಬಿಟ್ಟು 'ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್' ಅಡಿಗೆ ಬಂದವು. ಸರ್ವರ್‌ಗಳ ನೆನಪು ತಾನಾಗಿ ಅಳಿಯುತ್ತದೆ. ಆದರೆ ಕೈಪಿಡಿಯಲ್ಲಿ, ನೋಟಿಸ್ ಬೋರ್ಡಿನಲ್ಲಿ, ಅಣ್ಣನ ನೋಟ್‌ಬುಕ್‌ನಲ್ಲಿ ಬರೆದ ವಿಳಾಸಕ್ಕೆ ಟಿಟಿಎಲ್ ಇಲ್ಲ. ಅದಕ್ಕೇ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ವ್ಯವಸ್ಥೆ ವರ್ಷಗಟ್ಟಲೆ ಇರಬೇಕು.

ಇದು ಬರೀ ಕಂಪ್ಯೂಟರ್ ಸೈನ್ಸ್ ವಿಷಯವಲ್ಲ. ವಿದ್ಯಾರ್ಥಿವೇತನದ ಕೊನೆಯ ದಿನ, ಮನೆಯಲ್ಲಿರುವ ಒಂದೇ ಮೊಬೈಲಿನಲ್ಲಿ ಅರ್ಜಿ ತುಂಬುವ ಹುಡುಗಿಗೆ "ನಾಳೆ ಸರಿಹೋಗುತ್ತದೆ" ಎಂಬುದು ಉತ್ತರವಲ್ಲ. ಅವಳಿಗೆ ನಾಳೆ ಇಲ್ಲ. ಶಾಲೆ, ಕಾಲೇಜು, ಕಚೇರಿ ಯಾವುದೇ ಇರಲಿ, ಪ್ರವೇಶ ಮತ್ತು ಫಲಿತಾಂಶದ ವಾರಗಳಲ್ಲಿ ವಿಳಾಸ ಬದಲಿಸಬಾರದು. ಬದಲಿಸಲೇಬೇಕಾದರೆ ಮೊದಲೇ ತಿಳಿಸಬೇಕು, ಕೊನೆಯ ದಿನಾಂಕವನ್ನೂ ಮುಂದೂಡಬೇಕು.