ತಾರೀಖಿಲ್ಲದ ಮಾತುಗಳು

ದಿನನಿತ್ಯ ಕಿವಿಗೆ ಬೀಳುವ ಮಾತುಗಳಲ್ಲಿ ನಿಮಗೆ ಅತ್ಯಂತ ಬೇಸರ ತರಿಸುವ ಮಾತು ಯಾವುದು ಎಂದು ನಮ್ಮ ವರ್ತಕ ಬಾಂಧವರನ್ನೋ ಸಣ್ಣ ಕೈಗಾರಿಕೋದ್ಯಮಿಗಳನ್ನೋ ಕೇಳಿದರೆ, ಅವರು ಬೈಗುಳಗಳ ಪಟ್ಟಿಯನ್ನು ಕೊಡುವುದಿಲ್ಲ. "ನೋಡೋಣ", "ನಾಳೆ ಬನ್ನಿ", "ಬಿಲ್ಲು ಪ್ರೊಸೆಸ್‌ನಲ್ಲಿದೆ", "ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ", "ನಮ್ಮ ಮೇಲೆ ನಂಬಿಕೆ ಇಲ್ಲವೇ?" ಎಂಬ, ಮೇಲ್ನೋಟಕ್ಕೆ ಅತ್ಯಂತ ಸೌಜನ್ಯಪೂರ್ಣವಾದ ಮಾತುಗಳೇ ಆ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆಯುತ್ತವೆ. ಇವುಗಳಲ್ಲಿ ಒಂದಾದರೂ ಅಸಭ್ಯ ಪದವಿಲ್ಲ. ಆದರೂ ಇವು ಕೇಳುವವನ ರಕ್ತದೊತ್ತಡವನ್ನು ಏರಿಸುತ್ತವೆ. ಇದಕ್ಕೆ ಕಾರಣವೇನು ಎಂಬುದನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇಲ್ಲಿ ಪ್ರಶ್ನೆ ಭಾಷಾಶುದ್ಧಿಯದಲ್ಲ. ಬಾಕಿ ಎಂದರೂ ಪೆಂಡಿಂಗ್ ಎಂದರೂ ಖಾತೆಯಲ್ಲಿ ಕಾಣುವ ಮೊತ್ತ ಒಂದೇ. ಹಣದ ವ್ಯವಹಾರದಲ್ಲಿ ಆಡುವ ಮಾತಿನಲ್ಲಿ ಮೂರು ಸಂಗತಿಗಳು ಇರಬೇಕು: ಯಾವ ದಿನ, ಎಷ್ಟು ಮೊತ್ತ, ಯಾರು ಹೊಣೆ. ಬೇಸರ ತರಿಸುವ ಈ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಪ್ರತಿಯೊಂದೂ ಈ ಮೂರರಲ್ಲಿ ಒಂದನ್ನಾದರೂ ಮರೆಮಾಚುತ್ತದೆ.

"ನಾಳೆ" ಮತ್ತು "ನೋಡೋಣ"

ನಮ್ಮ ಅಂಗಡಿಗಳಲ್ಲಿ "ಇಂದು ನಗದು, ನಾಳೆ ಸಾಲ" ಎಂಬ ಫಲಕ ಬಹುಕಾಲದಿಂದ ತೂಗಾಡುತ್ತಿದೆ. 1990ರ ದಶಕದಲ್ಲಿ ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ದೆವ್ವ ಮನೆಯೊಳಗೆ ಬಾರದಿರಲೆಂದು ಜನರು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿದ್ದುದನ್ನು ಹಿರಿಯ ಸದಸ್ಯರು ಮರೆತಿರಲಾರರು. ಎರಡರ ತಂತ್ರವೂ ಒಂದೇ: ಆ ನಾಳೆ ಎಂದೂ ಬರುವುದಿಲ್ಲ. ದೆವ್ವವನ್ನು ಹಿಂದೆ ಕಳುಹಿಸಲು ಜನರು ಬಳಸಿದ ಮಾತನ್ನೇ ಇಂದು ಸರಕು ಪೂರೈಸಿ ಹಣ ಕೇಳಲು ಬಂದ ಮನುಷ್ಯನ ಮೇಲೆ ಪ್ರಯೋಗಿಸುತ್ತಿದ್ದೇವೆ.

ಹೀಗೆ ಹಿಂದಿರುಗುವವನಿಗೆ ಆಗುವ ನಷ್ಟವನ್ನು ಅಂಕಿಗಳಲ್ಲಿ ನೋಡೋಣ. ಒಬ್ಬ ಸಣ್ಣ ತಯಾರಕನ ಮಾಸಿಕ ಮಾರಾಟ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಹಣವು 45 ದಿನಗಳಲ್ಲಿ ಬಂದರೆ ಮಾರುಕಟ್ಟೆಯಲ್ಲಿ ಸಿಲುಕಿರುವ ಅವನ ಬಾಕಿ ಸುಮಾರು 15 ಲಕ್ಷ. "ನೋಡೋಣ, ನಾಳೆ, ಮುಂದಿನ ವಾರ" ಎಂದು ಅದೇ ಅವಧಿ 120 ದಿನಗಳಿಗೆ ಬೆಳೆದರೆ ಬಾಕಿ 40 ಲಕ್ಷ. ಈ ಹೆಚ್ಚುವರಿ 25 ಲಕ್ಷವನ್ನು ಅವನು ಬ್ಯಾಂಕಿನ ಓವರ್‌ಡ್ರಾಫ್ಟ್‌ನಿಂದ ಶೇ. 12ರ ಬಡ್ಡಿಗೆ ತಂದರೆ ವರ್ಷಕ್ಕೆ 3 ಲಕ್ಷ ರೂಪಾಯಿ ಬಡ್ಡಿಯೇ ಹೋಗುತ್ತದೆ. 1.20 ಕೋಟಿ ವಹಿವಾಟಿನಲ್ಲಿ ಶೇ. 5ರಷ್ಟು, ಅಂದರೆ 6 ಲಕ್ಷ ಲಾಭ ಗಳಿಸುವ ಘಟಕಕ್ಕೆ ಇದು ಅರ್ಧ ಲಾಭ. ಬ್ಯಾಂಕಿನ ಮಿತಿ ಮುಗಿದು ಕೈಸಾಲಕ್ಕೆ ಹೋದವನ ಗತಿಯನ್ನು ವಿವರಿಸುವ ಅಗತ್ಯವಿಲ್ಲ.

ತೆರಿಗೆ ಮಾತ್ರ ಯಾರಿಗೂ "ನೋಡೋಣ" ಎನ್ನುವುದಿಲ್ಲ. ಜಿಎಸ್‌ಟಿಯಲ್ಲಿ ಸರಕಿನ ಮೇಲಿನ ತೆರಿಗೆಯ ಹೊಣೆ ಬಿಲ್ಲಿನೊಂದಿಗೆ ಹುಟ್ಟುತ್ತದೆಯೇ ಹೊರತು ವಸೂಲಿಯೊಂದಿಗಲ್ಲ. ಮಾಸಿಕ ವಿವರಣೆ ಸಲ್ಲಿಸುವವನು ಮರುತಿಂಗಳ 20ರೊಳಗೆ ತೆರಿಗೆಯನ್ನು ಕಟ್ಟಲೇಬೇಕು. ಶೇ. 18ರ ದರದಲ್ಲಿ 2 ಲಕ್ಷದ ಸರಕಿಗೆ ತೆರಿಗೆ 36,000 ರೂಪಾಯಿ. ಹೂಡುವಳಿ ತೆರಿಗೆ ಜಮೆಯನ್ನು ಕಳೆದು ಉಳಿದದ್ದನ್ನು, ಇನ್ನೂ ಕೈಸೇರದ ಹಣದ ಪರವಾಗಿ, ಅವನು ತನ್ನ ಕಿಸೆಯಿಂದ ಭರಿಸುತ್ತಾನೆ. ಶನಿವಾರದ ಬಟವಾಡೆಯನ್ನೂ ಕಾರ್ಮಿಕರು ನಾಳೆಗೆ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ.

"ಪ್ರೊಸೆಸ್‌ನಲ್ಲಿದೆ"

"ನಾಳೆ" ಎಂಬ ಮಾತು ದಿನವನ್ನು ಮರೆಸಿದರೆ, ಈ ಮಾತು ಮನುಷ್ಯನನ್ನೇ ಮರೆಸುತ್ತದೆ. ಬಿಲ್ಲು ಯಾರ ಮೇಜಿನ ಮೇಲಿದೆ? ಸ್ಟೋರ್ಸ್‌ನವರು ಸರಕು ಸ್ವೀಕೃತಿಗೆ ಸಹಿ ಹಾಕಿದ್ದಾರೆಯೇ? ಲೆಕ್ಕ ವಿಭಾಗಕ್ಕೆ ಬಂದಿದೆಯೇ? ಇದಾವುದಕ್ಕೂ ಉತ್ತರವಿಲ್ಲ. ದೊಡ್ಡ ಸಂಸ್ಥೆಗಳಿಂದ ಆರಂಭವಾದ ಈ ಮಾತನ್ನು ಈಗ ಮೂವರು ಗುಮಾಸ್ತರಿರುವ ಕಚೇರಿಗಳೂ ಕಲಿತಿವೆ. ಅಲ್ಲಿ ಪ್ರೊಸೆಸ್ ಎಂದರೆ ಮಾಲೀಕರು ಚೆಕ್ಕಿಗೆ ಸಹಿ ಹಾಕುವುದು, ಅಷ್ಟೆ.

"ಸರಕಿನ ಗುಣಮಟ್ಟ ಸರಿಯಿಲ್ಲ" ಎಂಬ ಮಾತೂ ಇದೇ ಜಾತಿಯದು, ವಿಶೇಷವಾಗಿ ಅದು ಸರಕು ಬಳಕೆಯಾಗಿ ಮೂರು ತಿಂಗಳಾದ ಬಳಿಕ, ಹಣ ಕೇಳಿದ ದಿನವೇ ಹೊರಬಿದ್ದಾಗ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ, 2006 ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರನು ಲಿಖಿತವಾಗಿ ಆಕ್ಷೇಪಿಸದಿದ್ದರೆ, ತಲುಪಿದ ದಿನವೇ ಸರಕನ್ನು ಸ್ವೀಕರಿಸಿದಂತೆ ಎಂದು ಅದು ಪರಿಗಣಿಸುತ್ತದೆ.

"ಅಡ್ಜಸ್ಟ್ ಮಾಡಿಕೊಳ್ಳಿ"

ಬಸ್ಸಿನ ಆಸನದಲ್ಲಿ ಮೂರನೆಯವರಿಗೆ ಜಾಗ ಮಾಡಿಕೊಡುವಾಗ ಈ ಮಾತು ಸುಂದರವಾಗಿಯೇ ಇದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದಕ್ಕೆ ಅರ್ಥವಿಲ್ಲ. 1,18,000 ರೂಪಾಯಿ ಬಿಲ್ಲಿಗೆ 1,15,000 ಪಾವತಿಸಿ "ಉಳಿದದ್ದನ್ನು ಅಡ್ಜಸ್ಟ್ ಮಾಡಿಕೊಳ್ಳಿ" ಎಂದರೆ, ಆ 3,000 ರೂಪಾಯಿ ಯಾವುದು? ರಿಯಾಯಿತಿಯೇ, ದರದ ವ್ಯತ್ಯಾಸವೇ, ಹಾಳಾದ ಸರಕಿನ ಕಡಿತವೇ, ಅಥವಾ ಮುಂದೆ ಕೊಡಲಿರುವ ಬಾಕಿಯೇ? ಪ್ರತಿಯೊಂದಕ್ಕೂ ಲೆಕ್ಕದ ನಮೂದು ಬೇರೆ, ತೆರಿಗೆಯ ಪರಿಣಾಮವೂ ಬೇರೆ. ಕಾರಣ ತಿಳಿಯದೆ ಕ್ರೆಡಿಟ್ ನೋಟನ್ನು ಬರೆಯುವುದು ಹೇಗೆ? ಇಂಥ ತುಣುಕು ಬಾಕಿಗಳು ವರ್ಷಾನುಗಟ್ಟಲೆ ಖಾತೆಗಳಲ್ಲಿ ಕೊಳೆಯುತ್ತಿರುತ್ತವೆ. ಲೆಕ್ಕ ಪರಿಶೋಧನೆಯ ಸಮಯದಲ್ಲಿ ಅವುಗಳ ಮೂಲವನ್ನು ಹುಡುಕುವ ಕೆಲಸ, ಅಂದು "ಅಡ್ಜಸ್ಟ್" ಎಂದವರಿಗಾಗಲಿ ಹೂಂಗುಟ್ಟಿದವರಿಗಾಗಲಿ ಸಾಧ್ಯವಾಗುವುದಿಲ್ಲ. ಇಬ್ಬರಿಗೂ ವಿಷಯ ಮರೆತುಹೋಗಿರುತ್ತದೆ.

"ನಂಬಿಕೆ ಇಲ್ಲವೇ?"

ಈ ಪಟ್ಟಿಯಲ್ಲಿ ಅತ್ಯಂತ ಅಪಾಯಕಾರಿ ಮಾತು ಇದೇ. ಖರೀದಿ ಆದೇಶವನ್ನೋ ಬಾಕಿ ದೃಢೀಕರಣ ಪತ್ರವನ್ನೋ ಕೇಳಿದ ಕೂಡಲೇ, "ಇಷ್ಟು ವರ್ಷದ ವ್ಯವಹಾರ, ಕಾಗದ ಯಾಕೆ ಸ್ವಾಮಿ, ನಂಬಿಕೆ ಇಲ್ಲವೇ?" ಎಂಬ ಪ್ರತಿಪ್ರಶ್ನೆ ಬರುತ್ತದೆ. ಕೇಳಿದವನು ತಾನೇ ತಪ್ಪು ಮಾಡಿದಂತೆ ನಾಚಿಕೊಂಡು ಹಿಂದಿರುಗುತ್ತಾನೆ.

ಆದರೆ ಕಾಲಮಿತಿ ಕಾಯಿದೆ, 1963ರ ಪ್ರಕಾರ ಮಾರಿದ ಸರಕಿನ ಹಣಕ್ಕಾಗಿ ದಾವೆ ಹೂಡಲು ಸಾಮಾನ್ಯವಾಗಿ ಇರುವ ಅವಧಿ 3 ವರ್ಷ. ಬಾಯಿಮಾತಿನ "ಕೊಡುತ್ತೇನೆ" ಎಂಬ ಭರವಸೆ ಈ ಅವಧಿಯನ್ನು ಒಂದು ದಿನವೂ ವಿಸ್ತರಿಸುವುದಿಲ್ಲ. ಅವಧಿ ಮುಗಿಯುವ ಮುನ್ನ ಸಾಲವನ್ನು ಒಪ್ಪಿ ಸಹಿ ಮಾಡಿದ ಬರಹವಿದ್ದರೆ, ಆ ದಿನದಿಂದ ಹೊಸ ಅವಧಿ ಆರಂಭವಾಗುತ್ತದೆ. ಮಾರ್ಚ್ 31ರ ಬಾಕಿಯನ್ನು ದೃಢೀಕರಿಸುವ ಒಂದು ಸಾಲಿನ ಪತ್ರಕ್ಕೆ ಇರುವ ಬೆಲೆ ಇದು. ನಂಬಿಕೆ ನಮ್ಮ ಪೇಟೆಗಳ ಬಂಡವಾಳ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನಂಬಿಕೆ ಇರುವ ಕಡೆ ಸಹಿ ಹಾಕಲು ಅಡ್ಡಿ ಏನು ಎಂಬುದಷ್ಟೇ ನನ್ನ ಪ್ರಶ್ನೆ.

ಕಾಯಿದೆ ಇದೆ, ಕೇಳುವವರಿಲ್ಲ

ಈ ಪಿಡುಗಿಗೆ ಕಾಯಿದೆಯಲ್ಲಿ ಪರಿಹಾರವಿಲ್ಲವೆಂದೇನಲ್ಲ. ಮೇಲೆ ಹೇಳಿದ 2006ರ ಕಾಯಿದೆಯ 15ನೇ ಕಲಂ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಲಿಖಿತ ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ, ಏನೇ ಆದರೂ 45 ದಿನ ಮೀರದಂತೆ, ಪಾವತಿಸಬೇಕು. ಲಿಖಿತ ಒಪ್ಪಂದವಿಲ್ಲದಿದ್ದರೆ ಗಡುವು ಇರುವುದು 15 ದಿನ ಮಾತ್ರ. ತಪ್ಪಿದರೆ 16ನೇ ಕಲಂ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಕೊಡಬೇಕು. ಆ ಬಡ್ಡಿಯನ್ನು ಖರೀದಿದಾರನು ಆದಾಯ ತೆರಿಗೆಯಲ್ಲಿ ವೆಚ್ಚವಾಗಿ ಕಳೆಯುವಂತೆಯೂ ಇಲ್ಲ. 2023ರ ಹಣಕಾಸು ಕಾಯಿದೆಯು 43ಬಿ(ಎಚ್) ಎಂಬ ಉಪಬಂಧವನ್ನು ತಂದು, ಈ ಗಡುವು ಮೀರಿದ ಬಾಕಿಯನ್ನು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ಪರಿಗಣಿಸುವಂತೆ ಮಾಡಿತು. 2025ರ ಹೊಸ ಆದಾಯ ತೆರಿಗೆ ಕಾಯಿದೆಯೂ ಆ ತತ್ತ್ವವನ್ನು ಉಳಿಸಿಕೊಂಡಿದೆ. ಜಿಎಸ್‌ಟಿಯಲ್ಲಿ 180 ದಿನಗಳೊಳಗೆ ಪೂರೈಕೆದಾರನಿಗೆ ಪಾವತಿಸದ ಖರೀದಿದಾರನು ತಾನು ಪಡೆದ ತೆರಿಗೆ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ.

ಒಂದು ಮಾತನ್ನು ವರ್ತಕ ಸದಸ್ಯರ ಗಮನಕ್ಕೆ ತರಬೇಕು. 2021ರ ಜುಲೈನಿಂದ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ದೊರೆಯುತ್ತಿದ್ದರೂ, ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತಗೊಳಿಸಲಾಯಿತು. ವಿಳಂಬ ಪಾವತಿಯ ರಕ್ಷಣೆ ಕೇವಲ ವ್ಯಾಪಾರ ಮಾಡುವವರಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಅವರಿಗೆ ಲಿಖಿತ ಷರತ್ತುಗಳೇ ಮುಖ್ಯ ರಕ್ಷಣೆ.

ಇಷ್ಟೆಲ್ಲ ಇದ್ದೂ ಸಣ್ಣ ಪೂರೈಕೆದಾರ ಮಂಡಳಿಯ ಮೆಟ್ಟಿಲೇರಲು ಹಿಂಜರಿಯುತ್ತಾನೆ. ಏರಿದರೆ ಬಡ್ಡಿ ಸಿಕ್ಕೀತು, ಗಿರಾಕಿ ತಪ್ಪಿ ಹೋದಾನು. 43ಬಿ(ಎಚ್) ಜಾರಿಗೆ ಬಂದಾಗ, 2024ರಲ್ಲಿ, ನೋಂದಾಯಿತ ಸಣ್ಣ ಘಟಕಗಳನ್ನು ಬಿಟ್ಟು ಬೇರೆಯವರಿಂದ ಖರೀದಿಸುವ ಪ್ರವೃತ್ತಿಯ ಬಗ್ಗೆ ದೂರುಗಳು ಕೇಳಿಬಂದದ್ದೂ ಉಂಟು. ಆದ್ದರಿಂದಲೇ, ಕಾಯಿದೆಯ ಬಲ ತಲುಪದ ಕಡೆ ಪೇಟೆಯ ನಡವಳಿಕೆ ಬದಲಾಗಬೇಕು. ಅದರ ಮೊದಲ ಹೆಜ್ಜೆ ಮಾತಿನಲ್ಲಿದೆ.

ಸೌಜನ್ಯದ ವಾದ

"ಇಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುವುದು ನಮ್ಮ ಸಂಸ್ಕೃತಿಯಲ್ಲ, 'ನೋಡೋಣ' ಎಂಬುದು ಮರ್ಯಾದೆಯ ಇಲ್ಲ" ಎಂದು ಕೆಲವರು ವಾದಿಸಬಹುದು. ಮದುವೆ ಆಮಂತ್ರಣಕ್ಕೋ ದೇಣಿಗೆಗೋ ಈ ವಾದ ಸರಿ. ಆದರೆ ಬಾಕಿ ಹಣ ಕೇಳುವವನು ಉಪಕಾರ ಕೇಳುತ್ತಿಲ್ಲ. ಹಣ ಬರುವುದಿಲ್ಲವೆಂದು ಇಂದೇ ತಿಳಿದರೆ ಅವನು ಬೇರೆ ಏರ್ಪಾಡು ಮಾಡಿಕೊಳ್ಳಬಲ್ಲ. "ಈಗ ಹಣವಿಲ್ಲ. 20ರಂದು ಅರ್ಧ, ಮುಂದಿನ ತಿಂಗಳ 5ರಂದು ಉಳಿದರ್ಧ ಕೊಡುತ್ತೇನೆ" ಎಂಬ ಮಾತು ಕೇಳಲು ಕಹಿಯಾದರೂ, ಅದನ್ನು ಹಿಡಿದು ಬ್ಯಾಂಕಿಗೂ ಕಾರ್ಮಿಕರಿಗೂ ಉತ್ತರ ಕೊಡಬಹುದು. ಹತ್ತು ಸಲ ಅಲೆಸಿದ ಬಳಿಕವೂ ಉಳಿಯುವ ಮರ್ಯಾದೆ ಯಾವುದು?

ನ್ಯಾಯವಾಗಿ ಹೇಳಬೇಕೆಂದರೆ ಮಾರುವವರ ಮಾತುಗಳೂ ಇದಕ್ಕೆ ಹೊರತಲ್ಲ. "ಸರಕು ದಾರಿಯಲ್ಲಿದೆ" ಎಂದಾಗ ಅದು ಇನ್ನೂ ಲೇತ್ ಯಂತ್ರದ ಮೇಲಿರುತ್ತದೆ. "ನಿಮಗೋಸ್ಕರ ಮಾತ್ರ ಈ ರೇಟು" ಎಂಬುದನ್ನು ಬೆಳಗಿನಿಂದ ಐದು ಜನ ಕೇಳಿರುತ್ತಾರೆ. ನಮ್ಮ ಕಚೇರಿಗಳಿಗೆ ಬರುವ ಕಕ್ಷಿದಾರರ "ಎಲ್ಲಾ ನೀವೇ ನೋಡಿಕೊಳ್ಳಿ ಸಾರ್" ಎಂಬ ಮಾತಿನ ಅರ್ಥ, ವೋಚರುಗಳು ಇನ್ನೂ ಸಿದ್ಧವಾಗಿಲ್ಲ ಎಂದು. ಗಡುವಿನೊಳಗೆ ಸರಕನ್ನು ಕೊಡದವನು ಗಡುವಿನೊಳಗೆ ಹಣ ಕೇಳಿದರೆ ಆ ಕೇಳಿಕೆಗೆ ತೂಕವಿರುವುದಿಲ್ಲ.

ಕೆಲವು ಸಲಹೆಗಳು

ಸದಸ್ಯರು ಮುಂದಿನ ತಿಂಗಳಿನಿಂದಲೇ ಅನುಸರಿಸಬಹುದಾದ ಕೆಲವು ಕ್ರಮಗಳನ್ನು ಸೂಚಿಸುತ್ತೇನೆ.

ಒಂದು, ಬಿಲ್ಲಿನ ಮೇಲೆ ಉದ್ಯಮ್ ನೋಂದಣಿ ಸಂಖ್ಯೆಯನ್ನೂ ಪಾವತಿಯ ಕೊನೆಯ ದಿನಾಂಕವನ್ನೂ ಮುದ್ರಿಸಿರಿ. "45 ದಿನ" ಎಂದು ಬರೆಯುವ ಬದಲು ತಾರೀಖನ್ನೇ ನಮೂದಿಸಿರಿ.

ಎರಡು, ಬಾಕಿ ಕೇಳಿದಾಗ "ನೋಡೋಣ" ಎಂಬ ಉತ್ತರ ಬಂದರೆ, ಕೋಪಿಸಿಕೊಳ್ಳದೆ, "ಯಾವ ತಾರೀಖಿನಂದು ನೋಡೋಣ?" ಎಂದು ಕೇಳಿರಿ. ಅವರು ಹೇಳಿದ ದಿನವನ್ನು ಅಂದೇ ಪತ್ರ ಅಥವಾ ಇ-ಮೇಲ್ ಮೂಲಕ ಅವರಿಗೆ ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಮೂರು, ಕಡಿತ ಮಾಡಿದವರಿಂದ ಕಾರಣವನ್ನು ಲಿಖಿತವಾಗಿ ಪಡೆದು, ಅದೇ ತಿಂಗಳಲ್ಲಿ ಖಾತೆಯನ್ನು ತೀರುವಳಿ ಮಾಡಿರಿ.

ನಾಲ್ಕು, ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಎಲ್ಲ ಗಿರಾಕಿಗಳಿಗೂ ಬಾಕಿ ದೃಢೀಕರಣ ಪತ್ರವನ್ನು ಕಳುಹಿಸಿರಿ. ಎಲ್ಲರಿಗೂ ಕಳುಹಿಸಿದರೆ "ನಂಬಿಕೆ ಇಲ್ಲವೇ?" ಎಂದು ಕೇಳಲು ಯಾರಿಗೂ ಅವಕಾಶವಿರುವುದಿಲ್ಲ.

ಕೊನೆಯದಾಗಿ, ನಮ್ಮಲ್ಲಿ ಬಹುತೇಕರು ಒಂದು ಕಡೆ ಮಾರುವವರು, ಇನ್ನೊಂದು ಕಡೆ ಕೊಳ್ಳುವವರು. ಬೆಳಿಗ್ಗೆ ಬೇರೆಯವರ ಬಾಯಿಂದ ಕೇಳಿ ಬೇಸರಪಟ್ಟ ಮಾತನ್ನು ಸಂಜೆ ನಮ್ಮ ಬಾಗಿಲಿಗೆ ಬಂದವನಿಗೆ ನಾವೇ ಹೇಳುತ್ತೇವೆ. ಸದಸ್ಯರು ಪರಸ್ಪರರ ನಡುವಿನ ವ್ಯವಹಾರದಲ್ಲಾದರೂ ತಾರೀಖಿಲ್ಲದ ಉತ್ತರವನ್ನು ಕೊಡುವುದಿಲ್ಲವೆಂಬ ಒಂದು ಸ್ವಯಂಪ್ರೇರಿತ ನಿರ್ಣಯವನ್ನು ನಮ್ಮ ಸಂಸ್ಥೆಯು ಮುಂದಿನ ಸಾಮಾನ್ಯ ಸಭೆಯಲ್ಲಿ ಕೈಗೊಳ್ಳುವುದು ಉಚಿತವೆಂದು ನನ್ನ ಅಭಿಪ್ರಾಯ. ಇದಕ್ಕೆ ಸರಕಾರದ ಅನುಮತಿಯಾಗಲಿ ಹಣದ ಖರ್ಚಾಗಲಿ ಬೇಕಿಲ್ಲ. ಪದಾಧಿಕಾರಿಗಳು ಈ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸುವರೆಂದು ಆಶಿಸುತ್ತೇನೆ.